ಆಮೆಯ ತೊಟ್ಟಿಯಲ್ಲಿ ಮೀನು ಉಳಿದೀತೆ?

ಆಮೆ ನಿಧಾನ ಎಂಬ ಮಾತನ್ನು ನಂಬಿ ಸೋತದ್ದು ಕಥೆಯ ಮೊಲ ಒಂದೇ ಅಲ್ಲ. ಮೀನಿನ ತೊಟ್ಟಿ ಇಟ್ಟುಕೊಂಡ ಮನೆಯವರೂ ಅದನ್ನೇ ನಂಬಿ ಮೋಸ ಹೋಗುತ್ತಾರೆ. ಮೈಸೂರಿನಲ್ಲೂ ಈ ಕಥೆ ಸಾಮಾನ್ಯವಾಗಿ ಹೀಗೆಯೇ ಸಾಗುತ್ತದೆ. ಪರೀಕ್ಷೆ ಮುಗಿದ ಸಂತೋಷಕ್ಕೆ ಮಗು ಬಣ್ಣದ ಮೀನು ಕೊಳ್ಳಲು ಅಪ್ಪನ ಜತೆ ಅಂಗಡಿಗೆ ಹೋಗುತ್ತದೆ. ಅಲ್ಲಿ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಕಾಲಾಡಿಸುತ್ತಿರುವ ಹಸಿರು ಆಮೆಮರಿ ಕಣ್ಣಿಗೆ ಬೀಳುತ್ತದೆ. ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು, ಅಷ್ಟೆ. ‘ಮೀನಿನ ಜತೇಲೇ ಬಿಡಿ ಸಾರ್, ಏನೂ ಮಾಡಲ್ಲ’ ಎನ್ನುತ್ತಾನೆ ಅಂಗಡಿಯವನು. ಮನೆಯಲ್ಲಿ ಅಜ್ಜಿ ಕೂರ್ಮಾವತಾರವನ್ನು ನೆನೆದು ಕೈಮುಗಿಯುತ್ತಾರೆ. ಕೆಲವು ದಿನ ಎಲ್ಲವೂ ಚೆನ್ನ. ಆಮೇಲೆ ಗೋಲ್ಡ್ ಫಿಶ್‌ನ ಬಾಲ ಹರಿದಿರುತ್ತದೆ, ಗಪ್ಪಿಗಳ ಲೆಕ್ಕ ತಪ್ಪುತ್ತದೆ.

ಅಂಗಡಿಗಳಲ್ಲಿ ಹೀಗೆ ಮಾರಾಟವಾಗುವುದು ಹೆಚ್ಚಾಗಿ ‘ಕೆಂಪುಕಿವಿ ಸ್ಲೈಡರ್’ ಎಂಬ ಜಾತಿ. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇದೆಯೇ ನೋಡಿ, ಅದೇ ಗುರುತು. ಇದರ ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಆಸುಪಾಸು. ನೆಲದ ಮೇಲೆ ತಡವರಿಸುವ ಈ ಪ್ರಾಣಿ ನೀರಿಗಿಳಿದರೆ ಚುರುಕು ಈಜುಗಾರ. ಜಾಲಪಾದದಿಂದ ನೀರನ್ನು ಹಿಂದಕ್ಕೆ ತಳ್ಳಿ ಒಮ್ಮೆಲೇ ಮುನ್ನುಗ್ಗುತ್ತದೆ. ಮರಿಯಾಗಿದ್ದಾಗ ಇದಕ್ಕೆ ಹುಳ, ಮೀನುಗಳೇ ಮುಖ್ಯ ಆಹಾರ. ಬೆಳೆದಂತೆ ಸೊಪ್ಪುಸದೆಯ ಪಾಲು ಹೆಚ್ಚುತ್ತದಾದರೂ ಎದುರಿಗೆ ಸುಳಿದ ಮೀನನ್ನು ಬಿಡುವಷ್ಟು ವೈರಾಗ್ಯ ಬರುವುದಿಲ್ಲ. ಕೆರೆಯಲ್ಲಾದರೆ ಮೀನಿಗೆ ಓಡಲು ಜಾಗವಿದೆ. ಎರಡಡಿ ಗಾಜಿನ ತೊಟ್ಟಿಯಲ್ಲಿ ನಾಲ್ಕು ಮೂಲೆ ಬಿಟ್ಟರೆ ಇನ್ನೇನಿದೆ? ಉದ್ದ ರೆಕ್ಕೆಯ ಏಂಜೆಲ್, ದಪ್ಪ ಹೊಟ್ಟೆಯ ಗೋಲ್ಡ್ ಫಿಶ್ ಮೊದಲು ಸಿಕ್ಕಿಬೀಳುತ್ತವೆ. ಹೊಟ್ಟೆ ತುಂಬಿದ ಆಮೆ ಮೀನಿನ ತಂಟೆಗೆ ಹೋಗುವುದಿಲ್ಲ ಎಂದು ವಾದಿಸುವ ಹವ್ಯಾಸಿಗಳಿದ್ದಾರೆ. ತಿಂಗಳುಗಟ್ಟಲೆ ಹಾಗೆಯೇ ನಡೆದದ್ದೂ ಉಂಟು. ಆದರೆ ಅದು ಅದೃಷ್ಟವೇ ಹೊರತು ವ್ಯವಸ್ಥೆಯಲ್ಲ. ಆಮೆಗೂ ಇದರಿಂದ ಲಾಭವಿಲ್ಲ. ಗೋಲ್ಡ್ ಫಿಶ್ ಜಾತಿಯ ಮೀನುಗಳಲ್ಲಿ ಬಿ-1 ಜೀವಸತ್ವವನ್ನು ಹಾಳುಗೆಡಹುವ ಕಿಣ್ವವಿದೆ. ಅದನ್ನೇ ತಿಂದು ಬೆಳೆದ ಆಮೆ ಸೊರಗುತ್ತದೆ.

ಒಂದು ವೇಳೆ ಆಮೆ ಬಾಯಿ ಹಾಕದೆ ಇದ್ದರೂ ನೀರು ಮೀನನ್ನು ಬಿಡುವುದಿಲ್ಲ. ಈ ಜಾತಿಯ ಆಮೆ ನೀರಿನೊಳಗೇ ಆಹಾರ ನುಂಗಬೇಕು, ಹೊರಗೆ ಅದಕ್ಕೆ ನುಂಗಲಾಗದು. ಹಾಗಾಗಿ ಹರಿದು ತಿಂದದ್ದರ ಚೂರುಪಾರು, ಜತೆಗೆ ಮಲಮೂತ್ರ ಎಲ್ಲವೂ ಅದೇ ನೀರಿಗೆ. ಹೈಸ್ಕೂಲು ಪಠ್ಯದ ಸಾರಜನಕ ಚಕ್ರವನ್ನು ವಿದ್ಯಾರ್ಥಿಗಳು ಇಲ್ಲಿ ನೆನಪಿಸಿಕೊಳ್ಳಬಹುದು. ಕೊಳೆತದ್ದರಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿದರೆ, ಇನ್ನೊಂದು ಬಗೆಯದು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ಮೀನಿಗೆ ವಿಷ. ಮೀನು ಕಿವಿರಿನಿಂದ ಉಸಿರಾಡುತ್ತದೆ, ನೀರು ಕೆಟ್ಟರೆ ಅದಕ್ಕೆ ಬೇರೆ ದಾರಿಯಿಲ್ಲ. ಆಮೆಗಿರುವುದು ಶ್ವಾಸಕೋಶ, ತಲೆ ಮೇಲೆತ್ತಿ ಗಾಳಿ ಕುಡಿಯುತ್ತದೆ. ಆದ್ದರಿಂದ ಒಂದೇ ತೊಟ್ಟಿಯಲ್ಲಿ ಮೀನು ಸತ್ತು ತೇಲುತ್ತಿದ್ದರೂ ಆಮೆ ಏನೂ ಆಗದಂತೆ ಕೂತಿರುತ್ತದೆ. ಮೀನಿನ ತೊಟ್ಟಿಗೆಂದು ಮಾರುವ ಪುಟ್ಟ ಫಿಲ್ಟರ್ ಈ ಹೊಲಸಿಗೆ ಎಲ್ಲಿಯೂ ಸಾಲದು. ನೀರು ಬದಲಿಸುವಾಗ ನಲ್ಲಿಯ ಕ್ಲೋರಿನ್ ನೀರನ್ನು ನೇರವಾಗಿ ಸುರಿಯಬಾರದೆಂಬುದೂ ನೆನಪಿರಲಿ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು.

ಆಮೆಯ ಬೇಡಿಕೆಗಳೂ ಮೀನಿನವಲ್ಲ. ಅದಕ್ಕೆ ನೀರಿನಿಂದ ಮೇಲೇರಿ ಮೈ ಒಣಗಿಸಿಕೊಳ್ಳಲು ಕಲ್ಲೋ ಹಲಗೆಯೋ ಬೇಕು. ಅಲ್ಲಿಗೆ ಬಿಸಿಲು ಬೀಳಬೇಕು. ಬಿಸಿಲಿನ ನೇರಳಾತೀತ ಕಿರಣವಿಲ್ಲದಿದ್ದರೆ ಡಿ ಜೀವಸತ್ವ ಸಿಗದೆ ಚಿಪ್ಪು ಮೆತ್ತಗಾಗುತ್ತದೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಆ ಕಿರಣ ಬಹುಪಾಲು ಸೋಸಿಹೋಗಿರುತ್ತದೆ. ಒಣಸೀಗಡಿಯನ್ನೇ ತಿನ್ನಿಸುತ್ತಿದ್ದರೆ ಎ ಜೀವಸತ್ವದ ಕೊರತೆಯಿಂದ ಕಣ್ಣುರೆಪ್ಪೆ ಊದಿಕೊಳ್ಳುವುದುಂಟು. ಇನ್ನು ಗಾತ್ರ. ಹೆಣ್ಣು ಸ್ಲೈಡರ್‌ನ ಚಿಪ್ಪು 25 ಸೆಂಟಿಮೀಟರ್ ಮೀರಿ ಊಟದ ತಟ್ಟೆಯಷ್ಟಾಗುತ್ತದೆ. ಚಿಪ್ಪಿನ ಒಂದೊಂದು ಅಂಗುಲಕ್ಕೆ ಸುಮಾರು 40 ಲೀಟರ್ ನೀರು ಬೇಕೆಂಬುದು ಸಾಕುವವರ ಲೆಕ್ಕ. ಹತ್ತಂಗುಲದ ಆಮೆಗೆ 400 ಲೀಟರ್! ಬರೀ ನೀರಿನ ತೂಕವೇ 400 ಕಿಲೋ. ಟೀವಿ ಸ್ಟ್ಯಾಂಡಿನ ಮೇಲೆ ಇಡುವ ಮಾತಲ್ಲ. ಆಯಸ್ಸೋ, ಚೆನ್ನಾಗಿ ನೋಡಿಕೊಂಡರೆ 20-30 ವರ್ಷ. ಐದನೇ ತರಗತಿಯ ಹುಡುಗ ತಂದ ಆಮೆ ಅವನ ಮದುವೆಗೂ ಇರುತ್ತದೆ. ಅವನು ಓದಲು ಬೇರೆ ಊರಿಗೆ ಹೋದಾಗ ನೀರು ಬದಲಿಸುವವರು ಯಾರೆಂದು ಅಮ್ಮನನ್ನು ಕೇಳಬೇಕು.

ಹೆತ್ತವರು ತಿಳಿಯಬೇಕಾದ ಇನ್ನೊಂದು ವಿಷಯವಿದೆ. ಆರೋಗ್ಯವಾಗಿ ಕಾಣುವ ಆಮೆಯ ಮೈಯಲ್ಲೂ, ಅದರ ನೀರಿನಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ವಾಂತಿಭೇದಿ, ಜ್ವರ ತರುವ ಇದು ಚಿಕ್ಕ ಮಕ್ಕಳಿಗೂ ವಯಸ್ಸಾದವರಿಗೂ ಹೆಚ್ಚು ಅಪಾಯಕಾರಿ. ಮಕ್ಕಳು ಪುಟ್ಟ ಆಮೆಗಳನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದರೆಂದೇ ಅಮೆರಿಕ 1975ರಲ್ಲಿ ನಾಲ್ಕಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿತು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಲೇಬಾರದು.

ಹಾಗಾದರೆ ನಮ್ಮ ನಾಡಿನ ಆಮೆಯನ್ನೇ ಸಾಕಿದರೆ? ಅದಕ್ಕೆ ಕಾನೂನು ಅಡ್ಡ ಬರುತ್ತದೆ. ನಕ್ಷತ್ರ ಆಮೆ, ಕೆರೆಕುಂಟೆಗಳ ಮೃದುಚಿಪ್ಪಿನ ಆಮೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ.

ನಿಜವಾದ ಪೇಚು ಶುರುವಾಗುವುದು ಆಮೆ ಬೆಳೆದು ಮನೆಯವರಿಗೆ ಸಾಕಾದಾಗ. ಕೊಲ್ಲಲು ಯಾರಿಗೂ ಮನಸ್ಸಿಲ್ಲ. ಕುಕ್ಕರಹಳ್ಳಿ ಕೆರೆಯೋ, ಲಿಂಗಾಂಬುಧಿಯೋ ಹತ್ತಿರದಲ್ಲೇ ಇದೆ. ಸಂಜೆ ವಾಕಿಂಗ್ ನೆಪದಲ್ಲಿ ಚೀಲದಲ್ಲಿ ಒಯ್ದು ಬಿಟ್ಟುಬಂದರೆ ಪುಣ್ಯವೂ ಬಂತು, ಕೆಲಸವೂ ಮುಗಿಯಿತು ಎನಿಸುತ್ತದೆ. ಪುಣ್ಯವಂತೂ ಬರಲಾರದು. ಕೆಂಪುಕಿವಿ ಆಮೆ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಬಿಸಿಲು ಕಾಯುವ ಜಾಗಕ್ಕೂ ಆಹಾರಕ್ಕೂ ಸ್ಥಳೀಯ ಆಮೆಗಳೊಂದಿಗೆ ಪೈಪೋಟಿಗಿಳಿಯುತ್ತದೆ, ತನ್ನ ರೋಗಗಳನ್ನೂ ಅವಕ್ಕೆ ಹಂಚುತ್ತದೆ. ಯುರೋಪಿನ ಒಕ್ಕೂಟ 1997ರಲ್ಲೇ ಇದರ ಆಮದನ್ನು ತಡೆಯಿತು. ಜಪಾನ್ 2023ರಲ್ಲಿ ಇದರ ಮಾರಾಟವನ್ನೂ ಹೊರಗೆ ಬಿಡುವುದನ್ನೂ ನಿಷೇಧಿಸಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕುಕ್ಕರಹಳ್ಳಿ ಕೆರೆಗೆ ಇಂಥ ಅತಿಥಿ ಬೇಕಿಲ್ಲ.

ಈಗಾಗಲೇ ಆಮೆ ತಂದವರು ಇವತ್ತೇ ಮಾಡಬಹುದಾದದ್ದು ಅದನ್ನು ಮೀನಿನಿಂದ ಬೇರ್ಪಡಿಸುವುದು. ಅಗಲವಾದ ಪ್ಲಾಸ್ಟಿಕ್ ಟಬ್, ಚಿಪ್ಪು ಮುಳುಗಿ ಈಜುವಷ್ಟು ನೀರು, ಹತ್ತಿ ಕೂರಲು ಒಂದು ಇಳಿಜಾರು ಕಲ್ಲು ಸದ್ಯಕ್ಕೆ ಸಾಕು. ಬೆಳಗಿನ ಎಳೆ ಬಿಸಿಲಿಗೆ ಇಡುವಾಗ ಅರ್ಧ ಭಾಗ ನೆರಳಿರಲಿ, ಕಾಗೆ ನಾಯಿಗಳಿಗೆ ಸಿಗದಂತೆ ಮೇಲೆ ಜಾಲರಿಯಿರಲಿ. ಸಾಕಲಾಗದಿದ್ದರೆ ಕೊಂಡ ಅಂಗಡಿಯವನನ್ನೋ, ಅನುಭವವಿರುವ ಬೇರೆ ಹವ್ಯಾಸಿಯನ್ನೋ, ಪಶುವೈದ್ಯರನ್ನೋ ಮೊದಲು ಕೇಳಬೇಕು. ಒಯ್ಯುವಾಗ ಡಬ್ಬಿಯಲ್ಲಿ ನೀರು ತುಂಬಬೇಕಿಲ್ಲ. ಗಾಳಿಗೆ ತೂತು ಮಾಡಿ, ಅಡಿಗೆ ಒದ್ದೆ ಬಟ್ಟೆ ಹಾಸಿದರೆ ಆಮೆ ಆರಾಮವಾಗಿ ಪ್ರಯಾಣ ಮಾಡುತ್ತದೆ.