ಪುಯೋಲ್: ಕಾವಲಿನ ನಾಯಕ
ಕ್ಯಾಟಲೋನಿಯಾದ ಲಾ ಪೋಬ್ಲಾ ದೆ ಸೆಗುರ್ ಎಂಬ ಪುಟ್ಟ ಊರಿನಲ್ಲಿ 1978ರಲ್ಲಿ ಜನಿಸಿ, ಬಾಲ್ಯದಲ್ಲಿ ಗೋಲ್‌ಕೀಪರನಾಗಿ ನಿಂತು, 1999ರಲ್ಲಿ ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್ಬಿನ ಮುಖ್ಯ ತಂಡವನ್ನು ಸೇರಿದ ಕಾರ್ಲೆಸ್ ಪುಯೋಲನು ಕಾಲ್ಚಳಕದ ಲಾಲಿತ್ಯಕ್ಕಿಂತ ಎದುರಾಳಿಯನ್ನು ತಡೆಯುವ ಹಟಕ್ಕೇ ಹೆಸರಾದವನು. 2004ರಲ್ಲಿ ನಾಯಕಪಟ್ಟ, ಮೂರು ಚಾಂಪಿಯನ್ಸ್ ಲೀಗ್, ಆರು ಲಾ ಲೀಗಾ, ಎಣಿಕೆ ಇಷ್ಟು ಸಾಕು.

2010ರ ವಿಶ್ವಕಪ್ಪಿನ ಸೆಮಿಫೈನಲ್ಲಿನಲ್ಲಿ, ಡರ್ಬನ್ನಿನ ಕ್ರೀಡಾಂಗಣದಲ್ಲಿ, ಜರ್ಮನಿಯೆದುರು 72 ನಿಮಿಷಗಳು ಗೋಲಿಲ್ಲದೆ ಸಂದ ಬಳಿಕ, ಸಹ ಆಟಗಾರ ಜಾವಿ ಎಡಮೂಲೆಯಿಂದ ಒದ್ದ ಚೆಂಡಿಗೆ ದೂರದಿಂದ ಓಡಿಬಂದು, ಎಲ್ಲರನ್ನೂ ಮೀರಿ ನೆಗೆದು, ಕೆದರಿದ ಗುಂಗುರುಗೂದಲ ಆ ಶಿರದಿಂದ ಪುಯೋಲನಿತ್ತ ಹೊಡೆತವೇ ಸ್ಪೇನನ್ನು ಮೊದಲ ಬಾರಿಗೆ ವಿಶ್ವಕಪ್ ಫೈನಲ್ಲಿಗೆ ಒಯ್ದಿತು. ನನಗಾದರೋ ಅದಕ್ಕಿಂತಲೂ ಹಿರಿದಾಗಿ ತೋರುವುದು ವೆಂಬ್ಲಿಯಲ್ಲಿ ನಡೆದ 2011ರ ಚಾಂಪಿಯನ್ಸ್ ಲೀಗ್ ಫೈನಲ್: ಯಕೃತ್ತಿನ ಗಡ್ಡೆಯ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಷ್ಟೇ ಕಳೆದಿದ್ದ ಸಹ ಆಟಗಾರ ಅಬಿದಾಲನಿಗೆ ತನ್ನ ನಾಯಕಪಟ್ಟಿಯನ್ನಿತ್ತು, ಪಾರಿತೋಷಕವನ್ನೆತ್ತುವ ಗೌರವವನ್ನೂ ಅವನಿಗೇ ಬಿಟ್ಟುಕೊಟ್ಟನು. ಮೂರು ವರ್ಷಗಳ ತರುವಾಯ, ಮೊಣಕಾಲು ಸಹಕರಿಸದೆ, ಆಟದಿಂದ ನಿವೃತ್ತನಾದನು.