ಬುಟ್ಟಿ ಹೆಣೆಯುವ ಕೈಗೆ ಕಾಡಿನ ಲೆಕ್ಕ ಗೊತ್ತು

ಬೆತ್ತ ಅಂದರೆ ಮದ್ರಸದ ಮಕ್ಕಳಿಗೆ ಒಂದೇ ಅರ್ಥ ಇದ್ದ ಕಾಲ ಒಂದಿತ್ತು. ಉಸ್ತಾದರ ಮೇಜಿನ ಮೇಲೆ ಇರುತ್ತಿದ್ದ ಆ ಕೋಲು ಯಾವ ಕಾಡಿನಿಂದ ಬಂತು, ಯಾರು ಕಡಿದು ತಂದರು ಅಂತ ಮಕ್ಕಳೂ ಕೇಳಲಿಲ್ಲ, ಉಸ್ತಾದರಾದ ನಾವೂ ಯೋಚಿಸಲಿಲ್ಲ. ಈಗ ಬೆತ್ತ ಮೇಜಿನಿಂದ ಹೋಯಿತು. ಒಳ್ಳೆಯದೇ ಆಯಿತು. ಆದರೆ ನಮ್ಮ ಗುಡ್ಡಗಳಿಂದಲೂ ಅದು ಹೋಗುತ್ತಾ ಉಂಟು. ಬಿದಿರೂ ಅದರ ಹಿಂದೆಯೇ ಹೊರಟಿದೆ.

ನಾವು ಬ್ಯಾರಿಗಳು ವ್ಯಾಪಾರದವರು. ಮೀನು, ಅಡಿಕೆ, ತೆಂಗಿನಕಾಯಿ, ವೀಳ್ಯದೆಲೆ, ಊರ ಕೋಳಿ ಯಾವುದನ್ನು ಮಾರಿದರೂ ಅದನ್ನು ಹೊರಲು ಬುಟ್ಟಿ ಬೇಕಿತ್ತು. ಮೀನು ಹೊತ್ತು ಮನೆ ಮನೆಗೆ ಹೋಗುತ್ತಿದ್ದ ಕಾಕಂದಿರ ತಲೆಯ ಮೇಲೆ ಬಿದಿರಿನ ಬುಟ್ಟಿ. ಅಕ್ಕಿ ಕೇರಲು ಉಮ್ಮಂದಿರ ಕೈಯಲ್ಲಿ ತಡ್ಪೆ. ಗೊಬ್ಬರ ಹೊರಲು ಹೆಡಿಗೆ. ನಮ್ಮ ಹಿರಿಯರ ದುಡಿಮೆಯ ಅರ್ಧ ಭಾರವನ್ನು ಹೊತ್ತದ್ದು ಈ ಬುಟ್ಟಿಗಳೇ. ಅವುಗಳನ್ನು ಹೆಣೆದವರು ಹೆಚ್ಚಾಗಿ ಕೊರಗ ಸಮುದಾಯದವರು. ಬಿದಿರು ಮಾತ್ರ ಅಲ್ಲ, ತುಳುವಿನಲ್ಲಿ ಬೂರು ಅನ್ನುವ ಕಾಡುಬಳ್ಳಿಯಿಂದಲೂ ಅವರು ಬುಟ್ಟಿ ಹೆಣೆಯುತ್ತಾರೆ. ಅದರ ಕ್ರಯ ನಮಗೆ ಗೊತ್ತಿತ್ತು, ಚೌಕಾಸಿಯೂ ಗೊತ್ತಿತ್ತು. ಅದರ ಹಿಂದಿನ ವಿದ್ಯೆ ಮಾತ್ರ ಗೊತ್ತಿರಲಿಲ್ಲ.

ಕಳೆದ ರಜೆಯಲ್ಲಿ ದೊಡ್ಡ ತರಗತಿಯ ಏಳೆಂಟು ಮಕ್ಕಳನ್ನು ಕರೆದುಕೊಂಡು ಹತ್ತಿರದ ಒಬ್ಬರು ಕೊರಗ ಅಜ್ಜಿಯ ಮನೆಗೆ ಹೋದೆವು. ಬುಟ್ಟಿ ಹೆಣೆಯುವುದನ್ನು ಕಲಿಯೋಣ ಅಂತ. ಅಜ್ಜಿ ಮಕ್ಕಳ ಕೈಗೆ ಬಿದಿರಿನ ಎಳೆ ಕೊಡಲೇ ಇಲ್ಲ. ಕತ್ತಿ ಹಿಡಿದು ಮನೆಯ ಹಿಂದಿನ ಮೆಳೆಯ ಹತ್ತಿರ ಕರೆದುಕೊಂಡು ಹೋದರು. 'ಮೊದಲು ಇದರಲ್ಲಿ ಮಗು ಯಾವುದು, ಮುದುಕ ಯಾವುದು ನೋಡಿ ಹೇಳಿ' ಅಂದರು. ಮಕ್ಕಳು ಕಣ್ಣು ಬಿಟ್ಟು ನಿಂತರು. ಎಲ್ಲವೂ ಒಂದೇ ಎತ್ತರ, ಎಲ್ಲವೂ ಹಸಿರು. ನಮಗೂ ಗೊತ್ತಾಗಲಿಲ್ಲ.

ಬಿದಿರಿನ ಗುಟ್ಟೇ ಅದು. ಮಳೆಗಾಲದಲ್ಲಿ ಮೊಳೆಯುವ ಕಣಿಲೆ ಎರಡು ಮೂರು ತಿಂಗಳಲ್ಲಿ ಪೂರ್ತಿ ಎತ್ತರಕ್ಕೆ ಬೆಳೆದು ಬಿಡುತ್ತದೆ. ಆಮೇಲೆ ಅದು ಎತ್ತರ ಆಗುವುದಿಲ್ಲ, ದಪ್ಪವೂ ಆಗುವುದಿಲ್ಲ. ಒಳಗೊಳಗೆ ಗಟ್ಟಿಯಾಗುತ್ತದೆ, ಅಷ್ಟೆ. ಅದಕ್ಕೆ ಮೂರು ನಾಲ್ಕು ವರ್ಷ ಬೇಕು. ಒಂದು ವರ್ಷದ ಬಿದಿರಿನ ಮೇಲೆ ಪೊರೆ ಇನ್ನೂ ಅಂಟಿಕೊಂಡಿರುತ್ತದೆ, ಬಿಳಿ ಹುಡಿ ಇರುತ್ತದೆ. ಬಲಿತದ್ದರಲ್ಲಿ ಪೊರೆ ಉದುರಿ, ಮೈ ಮೇಲೆ ಪಾಚಿಯ ಕಲೆ ಬಿದ್ದಿರುತ್ತದೆ, ಕತ್ತಿಯ ಹಿಂಬದಿಯಿಂದ ಬಡಿದರೆ ಟಣ್ ಅಂತ ಗಟ್ಟಿ ಶಬ್ದ ಬರುತ್ತದೆ. ಎಳೆಯದನ್ನು ಕಡಿದರೆ ಬುಟ್ಟಿಯೂ ಬಾಳುವುದಿಲ್ಲ, ಮೆಳೆಯೂ ಬಾಳುವುದಿಲ್ಲ. ಯಾಕಂದರೆ ಮುಂದಿನ ವರ್ಷದ ಕಣಿಲೆ ಹುಟ್ಟುವುದು ಈ ಎಳೆಯ ಬಿದಿರಿನ ಬುಡದಿಂದಲೇ.

ಕಡಿಯುವುದಕ್ಕೂ ಕ್ರಮ ಉಂಟು. ಮಳೆಗಾಲದಲ್ಲಿ ಕಡಿಯಬಾರದು. ಆಗ ಕಣಿಲೆ ಏಳುವ ಸಮಯ, ತುಳಿದರೆ ಮುರಿಯುತ್ತದೆ. ಮಳೆ ನಿಂತು, ದೀಪಾವಳಿ ಕಳೆದ ಮೇಲೆ ಕಡಿಯಬೇಕು. ನೆಲಕ್ಕೆ ಹತ್ತಿರ, ಗಂಟಿನ ಸ್ವಲ್ಪ ಮೇಲೆ ಕತ್ತಿ ಹಾಕಬೇಕು. ಗಂಟಿನಿಂದ ತುಂಬ ಮೇಲೆ ಕಡಿದರೆ ಉಳಿದ ತುಂಡು ಲೋಟದ ಹಾಗೆ ನೀರು ಹಿಡಿದು ಬುಡ ಕೊಳೆಯುತ್ತದೆ. ಕಡಿದದ್ದನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿದರೆ ಒಳಗಿನ ಸಿಹಿ ಕರಗಿ ಹೋಗುತ್ತದೆ, ಹುಳ ಹಿಡಿಯುವುದು ಕಡಿಮೆ.

ನಮ್ಮ ಒಬ್ಬ ಹುಡುಗ ಕೇಳಿದ: 'ಅಜ್ಜಿ, ಕಡಿಯದೇ ಬಿಟ್ಟರೆ ಕಾಡಿಗೆ ಇನ್ನೂ ಒಳ್ಳೆಯದಲ್ವಾ?' ಅಜ್ಜಿ ನಕ್ಕು ಮೆಳೆಯ ಇನ್ನೊಂದು ಬದಿ ತೋರಿಸಿದರು. ಅಲ್ಲಿ ಮೂರು ನಾಲ್ಕು ವರ್ಷದಿಂದ ಅವರಿಗೆ ಕೈ ಹಾಕಲು ಆಗಿಲ್ಲವಂತೆ. ಒಣಗಿದ ಬಿದಿರು ಒಂದರ ಮೇಲೊಂದು ಬಿದ್ದು, ಮುಳ್ಳು ಹೆಣೆದುಕೊಂಡು, ಹೊಸ ಕಣಿಲೆಗೆ ತಲೆ ಎತ್ತಲು ಜಾಗವೇ ಇರಲಿಲ್ಲ. ಕಡಿದ ಬದಿ ಹಸಿರಾಗಿ ನಿಂತಿತ್ತು. ಲೆಕ್ಕ ಇಟ್ಟು ಕಡಿಯುವ ಕೈ ಕಾಡಿಗೆ ಶತ್ರು ಅಲ್ಲ, ಅದು ಕಾಡಿನ ಆರೈಕೆ ಅಂತ ಮಕ್ಕಳಿಗೆ ಆಗ ಗೊತ್ತಾಯಿತು. ನಮಗೂ ಗೊತ್ತಾದದ್ದು ಆಗಲೇ.

ಸೀಳುವಾಗ, ಹೆಣೆಯುವಾಗ ಇನ್ನೊಂದು ಪಾಠ ಆಯಿತು. ಮಕ್ಕಳ ಬೆರಳು ಕೊಯ್ಯಿತು, ಎಳೆ ತುಂಡಾಯಿತು, ಬುಟ್ಟಿ ಓರೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಮೆಲ್ಲನೆ ಹೇಳಿದ: 'ಉಸ್ತಾದ್, ಇಂತಹ ಬುಟ್ಟಿಗೆ ನಮ್ಮ ಮನೆಯಲ್ಲಿ ಜಗಳ ಮಾಡಿ ಇಪ್ಪತ್ತು ರೂಪಾಯಿ ಕಡಿಮೆ ಮಾಡಿದ್ದರು.' ಯಾರೂ ಮಾತನಾಡಲಿಲ್ಲ.

ಅಜ್ಜಿಯ ಮಕ್ಕಳು ಯಾರೂ ಈ ಕೆಲಸ ಮಾಡುತ್ತಿಲ್ಲ. ಅವರನ್ನು ದೂರಲು ನಮಗೇನು ಅಧಿಕಾರ? ಮಾರುಕಟ್ಟೆಗೆ ಪ್ಲಾಸ್ಟಿಕ್ ಬಂತು. ಬಿದಿರು ಹಲವು ದಶಕಗಳಿಗೊಮ್ಮೆ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ, ಇಡೀ ಮೆಳೆಯೇ ಸಾಯುತ್ತದೆ. ಬೀಜದಿಂದ ಎದ್ದ ಸಸಿ ದನದ ಬಾಯಿಗೆ, ಬೆಂಕಿಗೆ ಸಿಗದೆ ಉಳಿದರೆ ಮಾತ್ರ ಮತ್ತೆ ಬಿದಿರು. ಇದಕ್ಕಿಂತ ದೊಡ್ಡ ಕಾರಣ ಅವಮಾನ. ಕೊರಗರನ್ನು ಮನುಷ್ಯರ ಹಾಗೆ ನಡೆಸಿಕೊಳ್ಳದ ಅಜಲು ಪದ್ಧತಿಯನ್ನು ನಿಷೇಧಿಸಲು ನಮ್ಮ ರಾಜ್ಯದಲ್ಲಿ 2000ದಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಬುಟ್ಟಿ ತಂದವರನ್ನು ಅಂಗಳದ ಆಚೆ ನಿಲ್ಲಿಸಿದ ಮನೆಗಳಲ್ಲಿ ನಮ್ಮವರ ಮನೆ ಇರಲೇ ಇಲ್ಲ ಅಂತ ಹೇಳುವ ಧೈರ್ಯ ನಮಗಿಲ್ಲ. ಹೆಣೆದ ಕೈಯನ್ನು ಕೀಳಾಗಿ ಕಂಡು, ಹೆಣಿಗೆ ಮಾತ್ರ ಉಳಿಯಬೇಕು ಅಂದರೆ ಹೇಗೆ?

ನಮ್ಮ ದೀನ್ ಇದನ್ನು ಕಲಿಸಿಲ್ಲ. ಸ್ವಂತ ಕೈಯ ದುಡಿಮೆಯಿಂದ ಉಣ್ಣುವುದಕ್ಕಿಂತ ಉತ್ತಮ ಆಹಾರ ಇಲ್ಲ ಎಂದು ಪ್ರವಾದಿ (ಸ) ಕಲಿಸಿದ್ದಾರೆ, ದಾವೂದ್ ನಬಿ (ಅ) ಅವರನ್ನು ಅದಕ್ಕೆ ಮಾದರಿಯಾಗಿ ತೋರಿಸಿದ್ದಾರೆ. ಝಕರಿಯ್ಯಾ ನಬಿ (ಅ) ಬಡಗಿಯಾಗಿದ್ದರು ಎಂದು ಹದೀಸಿನಲ್ಲಿದೆ. ಕಾಡು ಕಾಯುವ ವಿಷಯವೂ ನಮಗೆ ಹೊಸತಲ್ಲ. ಮದೀನಾದ ಹರಮ್ ಪ್ರದೇಶದಲ್ಲಿ ಮರ ಕಡಿಯುವುದನ್ನು ಪ್ರವಾದಿ (ಸ) ನಿಷೇಧಿಸಿದ್ದರು. ನಖೀಅ್ ಎಂಬ ಜಾಗವನ್ನು ಹಿಮಾ, ಅಂದರೆ ಕಾಯ್ದಿಟ್ಟ ಹುಲ್ಲುಗಾವಲು ಮಾಡಿದ್ದರು. ಖಲೀಫಾ ಉಮರ್ (ರ) ತಮ್ಮ ಕಾಲದ ಹಿಮಾದ ಕಾವಲುಗಾರನಿಗೆ ಕೊಟ್ಟ ಸೂಚನೆ ಇವತ್ತಿಗೂ ಯೋಚಿಸುವಂತಹದ್ದು. ನಾಲ್ಕು ಒಂಟೆ, ನಾಲ್ಕು ಆಡು ಇರುವ ಬಡವರನ್ನು ಒಳಗೆ ಬಿಡಬೇಕು, ದೊಡ್ಡ ಹಿಂಡಿನ ಶ್ರೀಮಂತರನ್ನು ದೂರ ಇಡಬೇಕು. ಶ್ರೀಮಂತರಿಗೆ ಬೇರೆ ದಾರಿ ಉಂಟು, ಬಡವನಿಗೆ ಇದೊಂದೇ ಎಂಬುದು ಅವರ ಲೆಕ್ಕ. ನಮ್ಮ ದೇಶದ 2006ರ ಅರಣ್ಯ ಹಕ್ಕು ಕಾಯ್ದೆಯೂ ಬಿದಿರು, ಬೆತ್ತ, ಜೇನುಗಳನ್ನು ಕಿರು ಅರಣ್ಯ ಉತ್ಪನ್ನ ಎಂದು ಗುರುತಿಸಿ, ಅವುಗಳನ್ನು ಸಂಗ್ರಹಿಸುವ ಹಕ್ಕು ಅರಣ್ಯವಾಸಿಗಳದ್ದು ಅನ್ನುತ್ತದೆ. ಆ ಹಕ್ಕು ಕಾಗದದಿಂದ ಅಜ್ಜಿಯ ಕತ್ತಿಯವರೆಗೆ ಬರಬೇಕಷ್ಟೆ.

ನಮ್ಮಲ್ಲಿ ಮರದ ವ್ಯಾಪಾರ ಮಾಡುವವರು, ಮಿಲ್ಲು ನಡೆಸುವವರು ಇದ್ದಾರೆ. ಅವರ ಮೇಲೆ ಕೋಪಕ್ಕೆ ಈ ಮಾತಲ್ಲ. ಮರ ಕಡಿಯುವುದು ಹರಾಮ್ ಅಲ್ಲ. ಲೆಕ್ಕವಿಲ್ಲದೆ ಕಡಿಯುವುದು ಇಸ್ರಾಫ್. ಭೂಮಿ ನಮ್ಮ ಕೈಯಲ್ಲಿರುವ ಅಮಾನತ್, ಅಮಾನತಿನ ಲೆಕ್ಕ ಕೊಡಲಿಕ್ಕುಂಟು.

ಹಾಗಾದರೆ ನಾವು ಏನು ಮಾಡಬಹುದು? ದೊಡ್ಡ ಯೋಜನೆ ಬೇಡ. ಅನೇಕ ಜಮಾಅತ್‌ಗಳಲ್ಲಿ ಮಸೀದಿಯ ಜಾಗ ಉಂಟು, ಖಬರಸ್ಥಾನದ ಅಂಚು ಉಂಟು. ಖಬರಿನ ಮೇಲೆ ಮದರಂಗಿ ಗಿಡ ನೆಡುವ ನಾವು, ಬೇಲಿಯ ಹತ್ತಿರ, ಖಬರುಗಳಿಂದ ದೂರದಲ್ಲಿ, ಮಳೆಯ ಆರಂಭದಲ್ಲಿ ಎರಡು ಬಿದಿರಿನ ಬುಡ ನೆಡಬಹುದು. ನಾಲ್ಕೈದು ವರ್ಷದಲ್ಲಿ ಮೊದಲ ಬಿದಿರು ಕಡಿಯಲು ಸಿಗುತ್ತದೆ. ಕೇಂದ್ರದ ಅರಣ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಕಾಡಿನ ಹೊರಗೆ ಬೆಳೆದ ಬಿದಿರನ್ನು 'ಮರ' ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. ಆದರೂ ಕಡಿದು ಸಾಗಿಸುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು. ಮಸೀದಿ ವಿಸ್ತರಣೆಗೆ ಹಲಸು, ಮಾವು ಕಡಿಯಲೇಬೇಕಾದರೂ 1976ರ ಮರ ಸಂರಕ್ಷಣಾ ಕಾಯ್ದೆ ಏನು ಹೇಳುತ್ತದೆ ನೋಡಿ, ಅನುಮತಿ ಬೇಕಾದಲ್ಲಿ ಪಡೆದೇ ಮುಂದುವರಿಯೋಣ. ಒಂದು ಕಡಿದ ಕಡೆ ಎರಡು ನೆಡೋಣ. ಒಬ್ಬ ಮುಸ್ಲಿಂ ನೆಟ್ಟ ಗಿಡದಿಂದ ಹಕ್ಕಿ ತಿಂದರೂ ಅದು ಅವನಿಗೆ ಸದಖ ಎಂಬುದು ನಾವು ಮಕ್ಕಳಿಗೆ ಹೇಳಿಕೊಡುವ ಹದೀಸ್ ತಾನೆ?

ಬೆಳೆದ ಬಿದಿರನ್ನು ಬುಟ್ಟಿ ಹೆಣೆಯುವವರಿಗೆ ಕೊಡೋಣ. ನೇರ್ಚೆಗೆ, ಮದುವೆಯ ಊಟಕ್ಕೆ ಬೇಕಾದ ಬುಟ್ಟಿಗಳನ್ನು ಚೌಕಾಸಿ ಮಾಡದೆ ಅವರಿಂದಲೇ ಕೊಳ್ಳೋಣ. ರಜೆಯಲ್ಲಿ ಮಕ್ಕಳಿಗೆ ಕಲಿಸಲು ಕರೆದರೆ, ಕುರ್ಚಿ ಹಾಕಿ ಕೂರಿಸಿ, ಕಲಿಸುವವರಿಗೆ ಸಲ್ಲಬೇಕಾದ ಸಂಬಳ ಕೊಡೋಣ. ಅವರೂ ಉಸ್ತಾದರೇ. ಬೆವರು ಆರುವ ಮೊದಲು ಕೂಲಿ ಕೊಡಬೇಕು ಎಂಬ ಪಾಠ ಅವರಿಗೂ ಅನ್ವಯಿಸುತ್ತದೆ.

ಅವತ್ತು ಮಕ್ಕಳು ಹೆಣೆದ ಬುಟ್ಟಿಗಳಲ್ಲಿ ಒಂದೇ ಒಂದು ನೆಟ್ಟಗೆ ನಿಲ್ಲುವ ಹಾಗೆ ಆಯಿತು. ಅದೂ ಸ್ವಲ್ಪ ಓರೆ. ಈಗ ಅದು ಮದ್ರಸದಲ್ಲಿ, ಒಂದು ಕಾಲದಲ್ಲಿ ಬೆತ್ತ ಇರುತ್ತಿದ್ದ ಮೇಜಿನ ಮೇಲೆ ಉಂಟು. ಮಕ್ಕಳು ಅದರಲ್ಲಿ ಚಾಕ್‌ಪೀಸ್ ಇಡುತ್ತಾರೆ, ತೊಪ್ಪಿ ಮರೆತು ಬಂದವರಿಗೆ ಬೇಕಾಗುತ್ತದೆ ಅಂತ ಎರಡು ತೊಪ್ಪಿಯೂ ಇಟ್ಟಿದ್ದಾರೆ. ಈ ಮಳೆಗೆ ಮಸೀದಿಯ ಬೇಲಿಯ ಹತ್ತಿರ ಬಿದಿರಿನ ಬುಡ ನೆಡುವುದು ಅಂತ ಮಾತಾಗಿದೆ. ಬುಡ ಕೊಡುವವರು ಅಜ್ಜಿ. ನೆಡುವಾಗ ತಾನೂ ಬರುತ್ತೇನೆ ಅಂದಿದ್ದಾರೆ.

ನೆಟ್ಟದ್ದನ್ನು ಕಾಯುವ, ಕಾಯ್ದದ್ದನ್ನು ಲೆಕ್ಕದಲ್ಲಿ ಬಳಸುವ ತೌಫೀಖ್ ಅಲ್ಲಾಹನು ನಮಗೆಲ್ಲ ನೀಡಲಿ. ಆಮೀನ್.