ಸೆಕೆಯಲ್ಲಿ ಆಟ: ನೀರು ಕುಡಿಯುವುದು ಯಾವಾಗ?

ಮಾರ್ಚ್‌ನಿಂದ ಮೇ ತನಕ ಕರಾವಳಿಯಲ್ಲಿ ಕ್ರಿಕೆಟ್, ವಾಲಿಬಾಲ್, ಹಗ್ಗಜಗ್ಗಾಟಗಳ ಕಾಲ. ಸೆಕೆಯೂ ಆಗಲೇ ಹೆಚ್ಚು. ಬೆವರು ಆರಿದರೆ ಮಾತ್ರ ದೇಹ ತಂಪಾಗುತ್ತದೆ. ನಮ್ಮ ಕಡಲತೀರದ ತೇವದ ಗಾಳಿಯಲ್ಲಿ ಬೆವರು ಆರದೆ ಸುಮ್ಮನೆ ಹರಿದು ಹೋಗುತ್ತದೆ. ಮೈ ತಣಿಯುವುದಿಲ್ಲ, ನೀರು ಮತ್ತು ಉಪ್ಪು ಮಾತ್ರ ನಷ್ಟವಾಗುತ್ತದೆ. ಆದ್ದರಿಂದ ಎಷ್ಟು ಕುಡಿಯಬೇಕು ಎಂಬಷ್ಟೇ ಯಾವಾಗ ಕುಡಿಯಬೇಕು ಎಂಬುದೂ ಮುಖ್ಯ.

ಆಟಕ್ಕೆ ಮೊದಲು: ಮೈದಾನಕ್ಕೆ ಇಳಿಯುವಾಗ ಗಟಗಟನೆ ಕುಡಿದರೆ ಹೊಟ್ಟೆ ಭಾರವಾಗುತ್ತದೆ. ಸುಮಾರು 4 ಗಂಟೆ ಮೊದಲೇ ದೇಹತೂಕದ ಪ್ರತಿ ಕಿಲೋಗೆ 5ರಿಂದ 7 ಮಿ.ಲೀ. ನೀರು ಕುಡಿಯುವುದು ಒಳ್ಳೆಯದು. 60 ಕಿಲೋ ತೂಕದವರಿಗೆ ಇದು 300ರಿಂದ 420 ಮಿ.ಲೀ. ಆಗುತ್ತದೆ. ಹೆಚ್ಚಿನ ನೀರು ಮೂತ್ರವಾಗಿ ಹೋಗಲು ಸಮಯ ಸಿಗುತ್ತದೆ.

ಆಟದ ನಡುವೆ: 15-20 ನಿಮಿಷಕ್ಕೊಮ್ಮೆ ಒಂದು ಲೋಟ ಸಾಕು. ಗಂಟೆಗೆ 1.4 ಲೀಟರ್ ಮೀರಬಾರದು. ಒಂದು ಗಂಟೆಗಿಂತ ಹೆಚ್ಚು ಆಡುವವರು ಉಪ್ಪು ಹಾಕಿದ ಮಜ್ಜಿಗೆ, ಲಿಂಬೆ ಶರಬತ್ತು ಅಥವಾ ಗಂಜಿ ತಿಳಿ ಕುಡಿಯಬಹುದು. ಬೊಂಡದ ನೀರಿನಲ್ಲಿ ಪೊಟ್ಯಾಶಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋದ ಉಪ್ಪನ್ನು ಅದೊಂದೇ ತುಂಬಲಾರದು.

ಅತಿಯಾದರೂ ಅಪಾಯ: 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ ಪ್ರಮಾಣ ಇಳಿದಿತ್ತು. ಓಟದ ವೇಳೆ ತೂಕ ಹೆಚ್ಚಿಸಿಕೊಂಡವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ, ಇದು ಹೆಚ್ಚಾಗಿ ಕಂಡುಬಂತು. ಸೋಡಿಯಂ ತೀರಾ ಇಳಿದರೆ ಮೆದುಳು ಊದಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು.

ಆಟದ ನಂತರ: ಮೊದಲು ಮತ್ತು ನಂತರ ತೂಕ ನೋಡಿಕೊಳ್ಳಿ. ಇಳಿದ ಪ್ರತಿ ಕಿಲೋಗೆ ಸುಮಾರು ಒಂದೂವರೆ ಲೀಟರ್ ನೀರನ್ನು ಕೆಲವು ಗಂಟೆಗಳಲ್ಲಿ ನಿಧಾನವಾಗಿ, ಊಟದ ಜೊತೆ ಕುಡಿಯಿರಿ. ತೂಕ ಶೇ. 2ಕ್ಕಿಂತ ಹೆಚ್ಚು ಇಳಿದಿದ್ದರೆ ಆಟದ ನಡುವೆ ಕುಡಿದದ್ದು ಸಾಲದು ಎಂದರ್ಥ. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಮತ್ತು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಬೇಕು.

ತಲೆಸುತ್ತು, ವಾಕರಿಕೆ ಕಂಡರೆ ಕೂಡಲೇ ಆಟ ನಿಲ್ಲಿಸಿ ನೆರಳಿಗೆ ಬನ್ನಿ. ಯಾರಾದರೂ ಗೊಂದಲದ ಮಾತಾಡಿದರೆ ಅಥವಾ ಪ್ರಜ್ಞೆ ತಪ್ಪಿದರೆ ಬಾಯಿಗೆ ನೀರು ಹಾಕಬೇಡಿ. 108ಕ್ಕೆ ಕರೆ ಮಾಡಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿರಿ.

ಪಂದ್ಯಾಟ ನಡೆಸುವವರು ಬಹುಮಾನಕ್ಕೆ ಖರ್ಚು ಮಾಡುವಾಗ ಮೈದಾನದ ಬದಿಯಲ್ಲಿ ನೀರು, ನೆರಳು ಇರುವಂತೆ ನೋಡಿಕೊಳ್ಳಲಿ. ನಡುಮಧ್ಯಾಹ್ನ ಪಂದ್ಯ ಇಡದಿರಲಿ. ನೀರಿನ ವಿರಾಮವನ್ನು ಆಟದ ನಿಯಮದಲ್ಲೇ ಸೇರಿಸಿದರೆ ಯಾವ ಹುಡುಗನೂ ಬಾಯಾರಿಕೆಯನ್ನು ಅಡಗಿಸಿಕೊಂಡು ಆಡಬೇಕಾಗಿಲ್ಲ.